ಗುರುವಾರದ ತಲೆ

ಇಪ್ಪತ್ತೊಂಬತ್ತು ವರ್ಷ ಫೆರಿಯ ಎಂಜಿನ್ ಕೋಣೆಯಲ್ಲಿದ್ದವನು ನಾನು, ಆರ್ನ್‌ಫಿನ್.
ಪಿಸ್ಟನ್ ಕೆಮ್ಮುವ ಮೊದಲೇ
ಅದರ ಗಂಟಲು ಕಟ್ಟಿದ್ದು ನನಗೆ ಗೊತ್ತಾಗುತ್ತಿತ್ತು.
ಈಗ ಗುರುವಾರ ಸಂಜೆ, ಟ್ರೊಂಡ್‌ಹೈಮ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಬೆಲ್ಟು, ಉಂಗುರ, ಕೀಲಿಗೊಂಚಲು ತಟ್ಟೆಯಲ್ಲಿಟ್ಟು
ತಲೆಯನ್ನು ಬಾಡಿಗೆಗೆ ಕೊಡುತ್ತೇನೆ.
ಕೂಲಿ: ಎರಡು ಸಿನಿಮಾ ಟಿಕೆಟು.
ನನಗೆ ರೋಗವಿಲ್ಲ. ಅದೇ ನನ್ನ ಅರ್ಹತೆ.

ಹಳೆಯ ಪದ್ಧತಿ ಹೀಗೆ, ಎಂದಳು ಟೂರುನ್:
ಒಂದು ಸಾಲು ಕೇಳು, ಕಾಯಿ, ಇನ್ನೊಂದು ಸಾಲು ಕೇಳು,
ಇನ್ನೂರೈವತ್ತಾರು ಸಾಲು,
ಗೆರೆ ದಾಟದ ಕಾಪಿ ಪುಸ್ತಕ.
ಅಷ್ಟು ಹೊತ್ತೂ ಮೂಗಿನ ತುದಿಯ ತುರಿಕೆಯನ್ನು
ಕರೆಯದೆ ಬಂದ ನೆಂಟನಂತೆ ಸುಮ್ಮನೆ ಕೂರಿಸಿಕೊಂಡಿರಬೇಕು.
ಠಕ್ ಠಕ್ ಠಕ್,
ಕಟ್ಟಿಹಾಕಿದ ದೋಣಿ ದಕ್ಕೆಗೆ ಬಡಿಯುವ ಸದ್ದು.

ಮಕ್ಕಳಿಂದ ಇದಾಗುವುದಿಲ್ಲ,
ಮಂಪರು ಕೊಟ್ಟು ಮಲಗಿಸಬೇಕು, ಎಂದಳು
ನನ್ನ ಕಿವಿಗೆ ಸ್ಪಂಜು ತುರುಕುತ್ತ,
ನಾಳೆ ಹಿಮ ಬೀಳುತ್ತದಂತೆ ಎನ್ನುವ ದನಿಯಲ್ಲಿ.

ಮೊದಲು ಸಾಲು ಬಿಟ್ಟು ಸಾಲು ಓದಿದರು.
ಅರ್ಧ ಹೊತ್ತು. ಪರದೆಯ ಮೇಲೆ ನನ್ನ ತಲೆ
ಒದ್ದೆ ಕಾಗದದಂತೆ ಮಡಿಸಿಕೊಂಡು ತನ್ನ ಮೇಲೆ ತಾನೇ ಬಿದ್ದಿತ್ತು:
ಹಿಂದಲೆಯೊಳಗೆ ಮೂಗು.
ಸಿಂದ್ರೆ ನಕ್ಕ. ನಾನೂ ನಕ್ಕೆ. ಟೂರುನ್ ನಗಲಿಲ್ಲ.
ತಲೆಯ ಸುತ್ತ ಮೂವತ್ತೆರಡು ಕಿವಿಗಳಿವೆ,
ಒಂದೊಂದಕ್ಕೂ ಪಕ್ಕದ್ದು ಜೋರು, ದೂರದ್ದು ಪಿಸುಮಾತು.
ಯಾರಿಗೆ ಎಷ್ಟು ಕೇಳಿಸಿತೆಂದು ಲೆಕ್ಕ ಹಾಕಿ
ಮೂಗನ್ನು ಮೂಗಿನ ಮನೆಗೆ ಮುಟ್ಟಿಸಿದರು.
ಮಂಜಿನಲ್ಲಿ ನಾವೂ ಹಾಗೇ, ಎಂದೆ,
ಕಹಳೆ ಎಡಗಿವಿಗೆ ಜೋರಾದರೆ ಬಂಡೆ ಎಡಕ್ಕೆ.
ಅವಳು ಬರೆದುಕೊಂಡಳು, ಅದನ್ನೋ ಬೇರೇನನ್ನೋ.

ಆಮೇಲೆ ಬಾಗಿದ ಕ್ಷೇತ್ರ.
ಅಲ್ಲಿಯವರೆಗೆ ಕಾಂತ ನೇರ ಇಳಿಜಾರಾಗಿತ್ತು,
ಇದು ಬೋಗುಣಿ: ಅಂಚು ಕಡಿದು, ತಳ ಸಪಾಟು.
ಅಂಚಿನಲ್ಲಿ ಮಿದುಳಿನ ಒಂದೊಂದು ಮಡಿಕೆಯೂ ಎಣಿಸುವಷ್ಟು ನಿಚ್ಚಳ.
ನಡುವೆ ಬೂದು ಮಸುಕು.
ಇಳಿಜಾರಿಲ್ಲದಲ್ಲಿ, ಇದು ಯಾವ ಜಾಗ ಎಂದು
ಹೇಳುವವರು ಯಾರೂ ಇಲ್ಲ.
ನನ್ನ ನಟ್ಟನಡುವೆ ಏನೂ ಇಲ್ಲವೆಂದು
ಹೆಂಡತಿ ಯಾವತ್ತೋ ಹೇಳಿದ್ದಾಳೆ, ಎಂದೆ.
ಈ ಸಲ ಟೂರುನ್ ನಕ್ಕಳು, ನಗುತ್ತಲೇ ಕನ್ನಡಕ ತೆಗೆದು
ಕಣ್ಣು ಒತ್ತಿಕೊಂಡಳು. ಏಳು ತಿಂಗಳ ಕೆಲಸ.
ಬೋಗುಣಿಯನ್ನು ಸಲಕ್ಕೊಂದು ಕಡೆ ಸರಿಸಿಟ್ಟರೆ? ಸಿಂದ್ರೆ ಕೇಳಿದ.
ಯಾರೂ ಉತ್ತರಿಸಲಿಲ್ಲ. ಲೈಟು ಆರಿಸಿದರು.

ನಿನ್ನೆ ಸುರುಳಿ.
ನಡುವಿನಿಂದ ಹೊರಟು, ಸುತ್ತುತ್ತ ಸುತ್ತುತ್ತ ಹೊರಕ್ಕೆ.
ದೊಡ್ಡ ಸುದ್ದಿಯೆಲ್ಲ ನಡುವಿನಲ್ಲೇ ಇರುವುದಂತೆ,
ಅಂಚಿನಲ್ಲಿ ಬರೀ ಅಂಚುಗಳು.
ಎಷ್ಟೋ ಸುತ್ತುಗಳನ್ನು ಓದುವುದೇ ಇಲ್ಲ:
ಎರಡು ಆಲೂಗಡ್ಡೆಗೆ ಫೋರ್ಕು ಚುಚ್ಚಿ
ಇಡೀ ಪಾತ್ರೆ ಬೆಂದಿದೆ ಎನ್ನುವ ಹಾಗೆ,
ಆದರೆ ಲೆಕ್ಕ ಕಟ್ಟಿ.
ಸದ್ದು ಕೀಚಲಾಗಿ ಹುಟ್ಟಿ, ಇಳಿದು, ದಪ್ಪಗಾಗಿ,
ದಡ ಸಿಕ್ಕ ಎಂಜಿನ್ ಉಸಿರು ಬಿಟ್ಟಂತೆ ನಿಲ್ಲುತ್ತದೆ.
ಮತ್ತೆ. ಮತ್ತೆ.

ನಾನು ಕೈಯಲ್ಲಿದ್ದ ರಬ್ಬರ್ ಬುಗ್ಗೆ ಒತ್ತಿದೆ.
ಓಡಿ ಬಂದರು. ಹೆದರಿದಿರಾ? ಉಸಿರು ಕಟ್ಟಿತೇ?
ಇಲ್ಲ, ಎಂದೆ. ನಾಲ್ಕನೆಯ ಸುರುಳಿ ಕೆಮ್ಮುತ್ತಿದೆ.

ಸ್ಪೀಕರಿನಲ್ಲಿ ತುಂಬ ಹೊತ್ತು ಮೌನ. ಕೀಬೋರ್ಡು. ಕುರ್ಚಿ ಜರುಗಿದ್ದು.
ಯಾರೋ ಬೈದುಕೊಂಡದ್ದು, ಮೆತ್ತಗೆ.
ಹತ್ತು ನಿಮಿಷ ನನ್ನನ್ನು ಆ ಕೊಳವೆಯಲ್ಲೇ ಮರೆತರು.

ಆಮೇಲೆ ಟೂರುನ್ ದನಿ: ಆರ್ನ್‌ಫಿನ್, ಇನ್ನೊಮ್ಮೆ.
ಹನ್ನೊಂದೇ ಸೆಕೆಂಡು.
ಹನ್ನೊಂದು ಸೆಕೆಂಡು,
ಮೊಮ್ಮಗಳು ಸೋಫಾದ ಹಿಂದೆ ಬಚ್ಚಿಟ್ಟುಕೊಂಡು
ಉಸಿರು ಬಿಗಿಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ
ನಾನು ಬೇಕೆಂದೇ ಕಪಾಟಿನ ಹಿಂದೆ ಹುಡುಕುತ್ತಿರುವಾಗ
ಅಲ್ಲಾಡದೆ ಇರುವಷ್ಟು ಹೊತ್ತು.